ಅಪ್ಪನ ಕೆನ್ನೆಗೆ ಮೂರು ಬ್ರಷ್ಷು

ಅಪ್ಪನಿಗೆ ಎಡಗೆನ್ನೆಯ ನರದ ಕಾಯಿಲೆ. ಗಾಳಿಗೆ ಗಡ್ಡದ ಒಂದು ಕೂದಲು ಅಲುಗಿದರೂ ಕರೆಂಟು ಹೊಡೆದಂಥ ನೋವು. ಕೋಡಂಬಾಕ್ಕಂನ ನಮ್ಮ ಮನೆಯಲ್ಲಿ ಮೇ ತಿಂಗಳಲ್ಲೂ ಫ್ಯಾನು ಹಾಕುತ್ತಿರಲಿಲ್ಲ. ಅಪ್ಪ ಮಾತು ಬಿಟ್ಟು ಚೀಟಿ ಬರೆಯತೊಡಗಿದ್ದರು. ಊಟ ಹೋಗಿ ಗಂಜಿಯಾಗಿತ್ತು, ಗಂಜಿ ನಾಲ್ಕು ಚಮಚಕ್ಕೆ ಇಳಿದಿತ್ತು. ಕೆನ್ನೆಯ ಮೂಲಕ ಸೂಜಿ ಹಾಕಿ ನರವನ್ನು ಮರಗಟ್ಟಿಸುವುದೊಂದೇ ದಾರಿ ಎಂದರು ಡಾಕ್ಟರು. ಗುರುವಾರ ಹತ್ತು ಗಂಟೆಗೆ ಬರಬೇಕು, ಗಡ್ಡ ಪೂರ್ತಿ ತೆಗೆದಿರಬೇಕು.

ಟ್ರಿಮ್ಮರಿನ ನಡುಕವನ್ನು ಅಪ್ಪ ತಾಳುತ್ತಿರಲಿಲ್ಲ. ತಾಳುತ್ತಿದ್ದುದು ಮೂವತ್ತು ವರ್ಷದ ಒಂದು ಹಳೆಯ ಬ್ರಷ್ಷನ್ನು ಮಾತ್ರ. ಅದರಲ್ಲಿ ನೊರೆ ಹಚ್ಚಿ ಗಡ್ಡ ಚೆನ್ನಾಗಿ ನೆನೆಸಿದರೆ ಬ್ಲೇಡನ್ನು ಹೇಗೋ ಸಹಿಸಿಕೊಳ್ಳುತ್ತಿದ್ದರು.

ಸೋಮವಾರ ಬೆಳಿಗ್ಗೆ ಅಮ್ಮ ಅದನ್ನು ನೋಡುತ್ತಾ, "ಈ ನೈಲಾನ್‌ನಲ್ಲಿ ಅಂಥದ್ದೇನಿದ್ಯೋ?" ಎಂದಳು.

"ನೈಲಾನ್ ಅಲ್ಲಮ್ಮ. ಬ್ಯಾಜರ್ ಅಂತ ಬಿಲ ತೋಡೋ ಪ್ರಾಣಿ. ಅದರ ಕೂದಲು."

ಪತ್ರಿಕೆಯಲ್ಲಿ ನನ್ನದು ತಪ್ಪು ತಿದ್ದುವ ಕೆಲಸ. ಮಡಿಯ ಮನೆಯಲ್ಲಿ ಅಪ್ಪ ಮೂವತ್ತು ವರ್ಷ ಕಾಪಾಡಿಕೊಂಡು ಬಂದಿದ್ದ 'ನೈಲಾನ್' ಎಂಬ ಸುಳ್ಳನ್ನೂ ತಿದ್ದಿಬಿಟ್ಟೆ.

ಸಂಜೆ ಆಫೀಸಿನಿಂದ ಬಂದಾಗ ಅಮ್ಮ ಬ್ರಷ್ಷನ್ನು ಶುದ್ಧಮಾಡಿ ಆಗಿತ್ತು. ಅರಿಶಿನ ಹಾಕಿ ಕುದಿಸಿದ ನೀರು, ಅರ್ಧ ಗಂಟೆ. ಬುಡದ ಅಂಟು ಬಿಟ್ಟು ಕೂದಲೆಲ್ಲ ಪಾತ್ರೆಯ ತಳಕ್ಕೆ ಇಳಿದಿತ್ತು. ಅಮ್ಮನ ಕೈಯಲ್ಲಿದ್ದುದು ಬರಿಯ ಹಿಡಿ.

"ಎಸೀಲಿಲ್ಲ ಕಣೋ, ಮನೇಲಿ ಇಟ್ಕೊಳ್ಳೋ ಹಾಗೆ ಮಾಡೋಣ ಅಂದ್ಕೊಂಡೆ," ಎಂದಳು. ಆಮೇಲೆ, "ಪೇಪರ್‌ನವನಿಗೆ ಊರಿಗೆಲ್ಲ ಏನು ಹೇಳ್ಬೇಕು ಅಂತ ಗೊತ್ತು. ಅಮ್ಮನಿಗೆ ಏನು ಹೇಳ್ಬಾರ್ದು ಅಂತ ಗೊತ್ತಿಲ್ಲ."

ಮಂಗಳವಾರ ಬ್ರಾಡ್‌ವೇಯ ಒಂದು ಹಳೆಯ ಅಂಗಡಿಯಲ್ಲಿ ಮುದುಕರೊಬ್ಬರು ಮೂರು ಬ್ರಷ್ಷುಗಳನ್ನು ಮುಂದಿಟ್ಟರು. ಮೂರೂ ಬ್ಯಾಜರ್ ಕೂದಲಿನವು, ಊರು ಬೇರೆ. ಒಂದು ದಕ್ಷಿಣ ಚೀನಾದ್ದು. ಸೆಕೆಯ ನಾಡಿನ ಪ್ರಾಣಿ, ಕೂದಲು ಬಿರುಸು. ಇನ್ನೊಂದು ಯುರೋಪಿನ ಪೂರ್ವದ ಕಡೆಯದು, ಒತ್ತಿದರೆ ಪುಟಿಯುತ್ತಿತ್ತು. ಮೂರನೆಯದು ಉತ್ತರ ಚೀನಾದ ಹಿಮದ ಸೀಮೆಯದು, ತುದಿ ಹತ್ತಿಯ ಹಾಗೆ.

"ಕನ್ನತ್ತುಲೆ ವೆಚ್ಚು ಪಾರುಂಗ ಸಾರ್," ಎಂದು ತಮಿಳಿನಲ್ಲಿ ಹೇಳಿದರು ಮುದುಕರು. ಒಂದೊಂದನ್ನೇ ನನ್ನ ಕೆನ್ನೆಗೆ ಇಟ್ಟು ನೋಡಿದೆ, ಜೇಬಿನ ಪುಸ್ತಕದಲ್ಲಿ ಗುರುತು ಹಾಕಿಕೊಂಡೆ. ನೋವಿಲ್ಲದ ಕೆನ್ನೆಯ ವರದಿ ಅದು. ಮೆತ್ತನೆಯದು ಬಾಗುತ್ತದೆ, ನೊರೆಗೆ ಹೆಚ್ಚು ಸಲ ಆಡಿಸಬೇಕು. ಬಿರುಸಿನದಾದರೆ ನಾಲ್ಕೇ ಸಲ ಸಾಕು ಎಂದು ಅವರೇ ಹೇಳಿದರು. ಮೂರನ್ನೂ ತಂದೆ.

ಗುರುವಾರ ಏಳು ಗಂಟೆಗೆ ಅಪ್ಪನನ್ನು ಮಂಚದ ಮೇಲೆ ಕೂರಿಸಿದೆವು. ಕಡಿಮೆ ಸಲ ಮುಟ್ಟಿದರೆ ಕಡಿಮೆ ನೋವು ಎಂದು ಲೆಕ್ಕ ಹಾಕಿ, ಬಿರುಸಿನದರಿಂದಲೇ ಶುರು ಮಾಡಿದೆ.

ಬ್ರಷ್ಷು ತಾಗಿದೊಡನೆ ಅಪ್ಪ ಮಂಚದ ಕಬ್ಬಿಣವನ್ನು ಹಿಡಿದುಕೊಂಡರು. ಬಾಯಿ ತೆರೆಯಿತು, ಸದ್ದು ಬರಲಿಲ್ಲ. ಕಾಲು ಗಂಟೆ ಬಿಟ್ಟು ಯುರೋಪಿನದನ್ನು ತಾಗಿಸಿದೆ. ಕಣ್ಣೀರು ಇಳಿಯಿತು, ಎಡಗೆನ್ನೆಯ ಮೇಲೂ ಇಳಿಯಿತು, ಅದಕ್ಕೂ ಅವರು ನಡುಗಿದರು. ಮೂರನೆಯದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹತ್ತಿರ ತಂದಾಗ ಅಂಗೈ ಅಡ್ಡ ಹಿಡಿದರು. ಚೀಟಿ ಕೇಳಿ ಬರೆದರು: 'ಇದು ಸರಿಯಿರಬಹುದು. ಇನ್ನು ನನ್ನ ಕೈಲಾಗದು.'

ಅಮ್ಮ ಚೀಟಿ ಓದಿದಳು. "ಮೊದಲೇ ಇದನ್ನ ಹಚ್ಚಿದ್ರೆ?"

ಒಂಬತ್ತೂವರೆವರೆಗೆ ಕಾದೆವು. ಅಂಗೈ ಇಳಿಯಲಿಲ್ಲ. ಆಸ್ಪತ್ರೆಗೆ ಫೋನು ಮಾಡಿದೆ. ಇನ್ನು ಸರದಿ ಸಿಗುವುದು ಎರಡು ವಾರ ಬಿಟ್ಟು ಎಂದರು. ನಾಲ್ಕು ಚಮಚ ಗಂಜಿಯಲ್ಲಿ ಎರಡು ವಾರ.

ಒಳಗೆ ಬಂದಾಗ ಅಮ್ಮ ಮೂರನೆಯ ಬ್ರಷ್ಷನ್ನು ಬರಿಗೈಯಲ್ಲಿ ಹಿಡಿದು ನಲ್ಲಿಯ ಮುಂದೆ ನಿಂತಿದ್ದಳು. ಪೂಜೆ ಇನ್ನೂ ಆಗಿರಲಿಲ್ಲ.

"ತಣ್ಣೀರಲ್ಲೇ ತೊಳೀಬೇಕು, ಅಲ್ವೇನೋ?" ಎಂದಳು.