ಮೊದಲನೆಯ ಅಕರಜೆ

ಮೈಸೂರಿನಿಂದ ಬಂದು ಬಿಟಿಎಂ ಲೇಔಟ್‌ನಲ್ಲಿ ಗೆಳತಿ ಲೂಸಿಯಾಳ ಬಾಡಿಗೆ ಮನೆಯಲ್ಲಿ ಇಳಿದಿದ್ದೇನೆ. ಬ್ರೆಜಿಲ್‌ನವಳಾದ ಅವಳು ತನ್ನೂರಿನ ಅಕರಜೆ ಕರಿಯುತ್ತಿದ್ದಾಳೆ: ಸಿಪ್ಪೆ ತೆಗೆದು ರುಬ್ಬಿದ ಅಲಸಂದೆ, ಈರುಳ್ಳಿ, ಉಪ್ಪು, ಅಷ್ಟೇ. ಕಳೆದ ಸಲ ಹಿಟ್ಟು ಒಡೆದು ಎಣ್ಣೆಯೆಲ್ಲ ಹಾಳಾಯಿತಂತೆ. ಈಗ ಬಾಣಲೆಯಲ್ಲಿರುವುದು ಊರಿನಿಂದ ತಂದ ಕೆಂಪು ತಾಳೆ ಎಣ್ಣೆಯ ಕೊನೆಯ ಬಾಟಲಿ.

“ಸ್ವಲ್ಪ ಶುಂಠಿ, ಕರಿಬೇವು ಹಾಕಮ್ಮ,” ಎಂದರು ಮನೆ ಓನರ್ ಶಾರದಮ್ಮ.

“ಬೇಡ ಆಂಟಿ, ನಿಮ್ಮ ವಡೆ ಆಗತ್ತೆ.”

“ಆದ್ರೆ ಏನು, ಪಾಪ ಬರತ್ತಾ?”

ಲೂಸಿಯಾ ನಗುತ್ತಾ ಹಿಟ್ಟನ್ನು ಇನ್ನಷ್ಟು ಬಡಿದು ಹಗುರ ಮಾಡಿದಳು. ಮೊದಲನೆಯದನ್ನು ಪುಟ್ಟದಾಗಿ ಬಿಟ್ಟಳು. ಅದು ಒಡೆಯಲಿಲ್ಲ, ಉಬ್ಬಿ ಮೇಲೆ ಬಂತು. ತಟ್ಟೆಗೆ ಹಾಕಿದ್ದೇ ನಾನು ಕೈಚಾಚಿದೆ. ಇಬ್ಬರೂ ತಡೆದರು.

“ಫಸ್ಟ್ ಒಂದು ನಮಗಲ್ಲ. ಬೀದಿ ಕಾಯೋ ದೇವರಿಗೆ,” ಎಂದಳು ಲೂಸಿಯಾ.

“ಅಗ್ನಿಗೆ ಕಣೇ,” ಎಂದರು ಶಾರದಮ್ಮ.

ಮೊದಲು ತಡೆದದ್ದು ಯಾರ ಕೈ? ಇದನ್ನು ಡೈರಿಯಲ್ಲಿ ಬರೆಯುವಷ್ಟರಲ್ಲೇ ಗೊಂದಲ, ನಾಳೆ ನನಗೆ ಚೆಂದ ಕಂಡಂತೆ ನೆನಪಾದೀತು. ಖಚಿತವಾಗಿ ಗೊತ್ತಿರುವುದಿಷ್ಟು: ಲೂಸಿಯಾ ಅದನ್ನು ಬಾಗಿಲಾಚೆ ರಂಗೋಲಿಯ ಪಕ್ಕ ಇಟ್ಟು ಬಂದಳು. ಎರಡನೆಯದನ್ನು ಶಾರದಮ್ಮ ಒಲೆಯ ಪಕ್ಕಕ್ಕೆ ಎತ್ತಿಟ್ಟರು.

ನಾನು ಮೂರನೆಯದಕ್ಕೆ ಕಾಯುತ್ತಿದ್ದೇನೆ.