ಜೀಪಿಗೆ ಕಿಟಕಿ ಕೊರೆಸಿದ್ದು

ಮೊಮ್ಮಕ್ಕಳೇ, ಪಕ್ಕದಲ್ಲಿ ಯಾರು ಕೂಡಬೇಕೆಂದು ನೀವು ಜಗಳ ತೆಗೆಯುವ ಆ ಹಿಂದಿನ ಕಿಟಕಿಗಳು ನಮ್ಮ ಜೀಪಿಗೆ ಮೊದಲು ಇರಲಿಲ್ಲ. ನಿಮ್ಮೊಳಗೆ ಎಲ್ಲರಿಗಿಂತ ಚಿಕ್ಕವಳು ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗ ಅವು ಬಂದವು. ಹೇಗೆ ಬಂದವು ಎಂದು ನೀವು ಕೇಳಿದಾಗಲೆಲ್ಲ ನಾನು ನಕ್ಕು ಸುಮ್ಮನಾಗಿದ್ದೇನೆ. ನಾಲ್ಕು ಮಂದಿ ನನ್ನ ಮುಖ ನೋಡಿದರೆ ನನಗೆ ಮಾತಾಡಲು ಅಂಜಿಕೆ. ಬರೆಯುವಾಗ ಆ ಅಂಜಿಕೆ ಇಲ್ಲ. ಊರ ಶಾಲೆಯಲ್ಲಿ ಕಲಿತಷ್ಟು ಅಕ್ಷರ ಇದಕ್ಕೆ ಸಾಕು.

ಮಗ ಆ ಗಾಡಿ ತಂದದ್ದು ಹೊಲದ ಸಲುವಾಗಿ. ಬನಹಟ್ಟಿಯಿಂದ ನಮ್ಮ ಕಬ್ಬಿನ ಹೊಲಕ್ಕೆ ಹೋಗುವ ದಾರಿ ಎರೆಮಣ್ಣಿನದು. ಒಂದು ಮಳೆ ಬಿದ್ದರೆ ಮೋಟಾರ್ ಸೈಕಲ್ಲು ಅಲ್ಲೇ ಹೂತು ನಿಲ್ಲುತ್ತದೆ. ಅದಕ್ಕೆ ನಾಲ್ಕೂ ಗಾಲಿ ಎಳೆಯುವ ಗಾಡಿಯೇ ಬೇಕೆಂದು ಹುಡುಕಿ, ಯಾರೋ ಬಳಸಿದ್ದನ್ನು ಕೊಂಡು ತಂದ. ಮುಂದೆ ಇಬ್ಬರು ಕೂಡುವಷ್ಟು ಜಾಗ. ಹಿಂದೆ ಎರಡೂ ಬದಿಗೆ ಮೇಲಿನತನಕ ತಗಡು. ಬೀಜದ ಕಬ್ಬು, ಗೊಬ್ಬರದ ಚೀಲ, ಕೆಟ್ಟ ಪಂಪು ಇವನ್ನು ಹೊತ್ತು ತಿರುಗಲು ಅದು ಹೇಳಿ ಮಾಡಿಸಿದ ಹಾಗಿತ್ತು. ಹಿಂದಿನ ಬಾಗಿಲಿಗೆ ಅಂಗೈಯಗಲದ ಒಂದು ಗಾಜು ಇತ್ತು, ಅದೂ ಯಾವಾಗಲೂ ಧೂಳು ಮೆತ್ತಿಕೊಂಡೇ ಇರುತ್ತಿತ್ತು.

ಹೆಂಗಸರು ಎಲ್ಲಿಗೆ ಹೊರಟರೂ ಆ ಡಬ್ಬಿಯಲ್ಲೇ ಕೂಡಬೇಕು. ಮುಂದಿನ ಜಾಗ ನನ್ನ ಭಾವನವರದು, ನಿಮ್ಮ ದೊಡ್ಡ ಮುತ್ಯಾನದು. ಅವರಿಗೆ ಮೊಣಕಾಲು ಮಡಚಲು ಬರುವುದಿಲ್ಲ. ನಾವು ಹಿಂದೆ ಒಂದು ಕೌದಿ ಹಾಸಿ, ಕಾಲು ಮಡಚಿ, ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂಡುತ್ತಿದ್ದೆವು. ಗಾಡಿ ಎತ್ತ ಹೊರಳಿತೆಂದು ಹೊಟ್ಟೆಗೆ ಗೊತ್ತಾಗುತ್ತಿತ್ತು, ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ. ಜಮಖಂಡಿಯ ಗುಡ್ಡ ಬರುವಷ್ಟರಲ್ಲಿ ನನ್ನ ಹಣೆ ತಣ್ಣಗಾಗಿ ಬಾಯಲ್ಲಿ ನೀರು ಒಸರುತ್ತಿತ್ತು. ಒಮ್ಮೆ ಮುಧೋಳದ ಮದುವೆಗೆ ಹೋಗಿ, ಅಕ್ಷತೆ ಬೀಳುವತನಕ ಬೀಗರ ಒಳಕೋಣೆಯಲ್ಲಿ ಒದ್ದೆ ಬಟ್ಟೆ ಹಣೆಗೆ ಕಟ್ಟಿಕೊಂಡು ಮಲಗಿದ್ದೆ. ಅವತ್ತಿನಿಂದ ಯಾರು ಕರೆದರೂ ನನ್ನದು ಒಂದೇ ಮಾತು: ನಾನೊಲ್ಲೆ, ನೀವು ಹೋಗಿಬನ್ನಿ.

ಅಂಥದರಲ್ಲಿ ಮಗಳ ಕುಬಸ ಬಂತು. ಅವಳನ್ನು ಅನಗವಾಡಿಗೆ ಕೊಟ್ಟಿದ್ದೆವು. ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ, ಬುತ್ತಿ ಕಟ್ಟಿಕೊಂಡು ಹೋಗಿ ಉಡಿ ತುಂಬಿ ಬರುವುದು ನಮ್ಮ ಕಡೆಯ ಪದ್ಧತಿ. ನಾನು ಹೋಗುವುದಿಲ್ಲವೆಂದು ಅವಳಿಗೆ ಯಾರೋ ಹೇಳಿರಬೇಕು. ಫೋನು ಬಂತು.

“ಯವ್ವಾ, ಬರಂಗಿಲ್ಲಂತಲ್ಲ ನೀ?”

“ನಾ ಬಂದ್ರ ಹಾದಿ ತುಂಬ ಎಲ್ಲಾರಿಗೂ ತ್ರಾಸವ್ವಾ. ನಿಮ್ಮ ವೈನಿ ಬರ್ತಾಳ, ಓಣಿ ಮಂದಿ ಬರ್ತಾರ.”

“ವೈನಿ ಏನ್ ನನ್ನ ಹಡದಾಳ? ಹಸರ ಸೀರಿ ನೀನ ತಂದು ಉಡಸಬೇಕು. ಇಲ್ಲಂದ್ರ ಅದನ್ನ ಹಂಗ ಟ್ರಂಕಿನ್ಯಾಗ ಇಡ್ತೀನಿ, ಮುಟ್ಟಂಗಿಲ್ಲ.”

ಅಷ್ಟೇ, ಫೋನು ಇಟ್ಟಳು. ನಿಮ್ಮ ಮುತ್ಯಾ, ನನ್ನ ಗಂಡ, ತೀರಿಹೋದ ಮೇಲೆ ಇಂಥ ಶುಭಕಾರ್ಯಗಳಲ್ಲಿ ನಾನಾಗಿಯೇ ಬಾಗಿಲ ಬದಿಗೆ ಸರಿದು ನಿಲ್ಲುತ್ತಿದ್ದೆ. ಮಗಳು ಕರೆದದ್ದು ಬಾಗಿಲ ಬದಿಗೆ ನಿಲ್ಲಲು ಅಲ್ಲ. ಹೋಗಲೇಬೇಕು ಎಂಬ ಆಸೆ ಒಂದು ಕಡೆ, ಆ ಡಬ್ಬಿ ನೆನೆದರೆ ಬರುವ ಸಂಕಟ ಒಂದು ಕಡೆ.

ಮಗ ಉಣ್ಣಲು ಕುಳಿತಾಗ ಸೊಸೆಯೇ, ಮಗಳು ವೈನಿ ಎಂದಳಲ್ಲ ಅವಳೇ, ವಿಷಯ ತೆಗೆದಳು. ಅವನು ರೊಟ್ಟಿ ಮುರಿಯುತ್ತ ಕೇಳಿದ: “ಯವ್ವಾ, ಬಸ್ಸಿನ್ಯಾಗ ನಿನಗ ಏನೂ ಆಗಂಗಿಲ್ಲಲ್ಲ?”

“ಬಸ್ಸಿಗೆ ಕಿಡಕಿ ಅದಾವಲ್ಲಪ್ಪಾ. ಹೊರಗ ನೋಡಕೋತ ಕುಂಡ್ರತೀನಿ.”

“ಇಷ್ಟು ಬುತ್ತಿ, ಇಷ್ಟು ಮಂದಿ ಕಟ್ಟಿಕೊಂಡು ಬಸ್ಸಿಗೆ ಹೋಗಾಕ ಆಗಂಗಿಲ್ಲ. ಹಂಗಾರ ನಮ್ಮ ಗಾಡಿಗೂ ಎರಡೂ ಕಡೆ ಕಿಡಕಿ ಕೊರಸೂಣು.”

“ಕೊರಸಾಕ ಅದೇನ್ ಕುಂಬಳಕಾಯಿ ಏನ್ರಿ?” ಎಂದು ಸೊಸೆ ನಕ್ಕಳು.

ಅವನು ನಗಲಿಲ್ಲ. ಗಾಡಿಯ ಮೈಗೆ ಹೀಗೆ ಕೈ ಹಚ್ಚಬಹುದೋ ಇಲ್ಲವೋ ಎಂದು ಸಾರಿಗೆ ಕಚೇರಿಯಲ್ಲಿ ಕೇಳಿ ಒಪ್ಪಿಗೆ ತಂದ. ಜಮಖಂಡಿಯ ಗ್ಯಾರೇಜಿನ ಒಬ್ಬ ಮಿಸ್ತ್ರಿಯನ್ನು ಗೊತ್ತು ಮಾಡಿದ. ನನಗೋ ಅಂದಿನಿಂದ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಹಿಟ್ಟು ನಾದುತ್ತ ಕಿಟಕಿ, ಬಟ್ಟೆ ಒಣಹಾಕುತ್ತ ಕಿಟಕಿ. ಹೊಸ ಮನೆ ಕಟ್ಟಿಸುವವರಿಗೂ ಅಷ್ಟು ಸಡಗರ ಇರುತ್ತದೋ ಇಲ್ಲವೋ.

ಕೆಲಸದ ದಿನ ಮಗ ಮುಂಜಾನೆಯೇ ಗಾಡಿ ಒಯ್ದ. ಸೀರೆ ನಮ್ಮ ಬನಹಟ್ಟಿಯ ಮಗ್ಗದ್ದೇ ತೆಗೆದಿಟ್ಟಿದ್ದೆವು. ಬಳೆಗೆ ಜಮಖಂಡಿ ಪೇಟೆಯೇ ಆಗಬೇಕೆಂದು ನಾನೂ ಸೊಸೆಯೂ ಹಿಂದಿನಿಂದ ಬಸ್ಸು ಹತ್ತಿದೆವು. ಬಳೆ ಕೊಳ್ಳುವಾಗಲೂ ನನ್ನ ಜೀವ ಗ್ಯಾರೇಜಿನಲ್ಲೇ. “ಅತ್ತೀ, ಬಳಿ ನೋಡ್ರಿ, ಹಾದಿ ನೋಡಬ್ಯಾಡ್ರಿ” ಎಂದು ಸೊಸೆ ಎರಡು ಸಲ ಗದರಿದಳು.

ನಾವು ಗ್ಯಾರೇಜು ಮುಟ್ಟಿದಾಗ ಗಾಡಿಯ ಬದಿಯ ತಗಡಿನ ಮೇಲೆ ಸುಣ್ಣದ ಕಡ್ಡಿಯಿಂದ ಉದ್ದನೆಯ ಚೌಕ ಬರೆದಿತ್ತು. ಹಳೆಯ ಬಸ್ಸೊಂದನ್ನು ಬಿಚ್ಚಿದಾಗ ಸಿಕ್ಕ ಎರಡು ಕಿಟಕಿಗಳು, ಅತ್ತಿತ್ತ ಸರಿಯುವ ಗಾಜಿನವು, ಚೌಕಟ್ಟಿನ ಸಮೇತ ಗೋಡೆಗೆ ಆತು ನಿಂತಿದ್ದವು. ಅವನ್ನು ಯಾರೋ ತಿಕ್ಕಿ ತೊಳೆದಿದ್ದರು. ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ ಹತ್ತಿರ ಹೋಗಿ ಗಾಜನ್ನು ಬೆರಳಿನಿಂದ ಸರಿಸಿ ನೋಡಿದೆ. ಸರ್ರೆಂದು ಸರಿಯಿತು.

“ಎತ್ತರ ಹೆಂಗ ತಗೊಂಡ್ರಿ?” ಎಂದು ಸೊಸೆ ಕೇಳಿದಳು.

“ನಾನ ಒಳಗ ಸ್ಟೆಪ್ನಿ ಮ್ಯಾಲ ಕುಂತಿದ್ದೆ. ನನ್ನ ಕಣ್ಣಿನ ಮಟ್ಟಕ್ಕ ಗುರ್ತು ಮಾಡ್ಯಾರ” ಎಂದ ಮಗ. ಸ್ಟೆಪ್ನಿ ಎಂದರೆ ಹಿಂದೆ ಅಡ್ಡ ಮಲಗಿಸಿಟ್ಟ ಹೆಚ್ಚಿನ ಗಾಲಿ. ಅವನು ಹಿಂದೆ ಕುಳಿತಾಗಲೆಲ್ಲ ಅದರ ಮೇಲೇ ಕೂಡುತ್ತಾನೆ. ಗಂಡಸರೆಲ್ಲ ಹಾಗೇ.

ನಾನು ಮತ್ತೊಮ್ಮೆ ಆ ಚೌಕ ನೋಡಿದೆ. ನಾವು ಕೂಡುವುದು ನೆಲದ ಕೌದಿಯ ಮೇಲೆ. ಅಲ್ಲಿ ಕುಳಿತವರಿಗೆ ಈ ಚೌಕದಿಂದ ಕಾಣುವುದು ಬರೀ ಆಕಾಶ, ಹೆಚ್ಚೆಂದರೆ ವಿದ್ಯುತ್ ಕಂಬದ ತುದಿ. ರಸ್ತೆ ಕಾಣದಿದ್ದರೆ ನನ್ನ ಹೊಟ್ಟೆಗೆ ಕಿಟಕಿ ಇದ್ದೂ ಇಲ್ಲದ ಹಾಗೆ. ಒಮ್ಮೆ ಕೊರೆದ ತಗಡನ್ನು ಮತ್ತೆ ಹೊಲಿಯಲು ಬರುತ್ತದೆಯೇ?

ಮಿಸ್ತ್ರಿ ಕತ್ತರಿಸುವ ಮಿಷನ್ನಿನ ವೈರು ಹಚ್ಚುತ್ತಿದ್ದ. ನಾನು ಸೊಸೆಯ ಸೆರಗು ಜಗ್ಗಿ ಕಿವಿಯಲ್ಲಿ ಹೇಳಿದೆ. ಅವಳು ಬಾಯಿ ತೆರೆದು ನಿಂತಳು. “ಖರೇನ ಅಲ್ರಿ ಅತ್ತೀ! ಹೇಳ್ರಿ ಮತ್ತ.”

“ನೀನ ಹೇಳವಾ.”

“ನೀವ ಹೇಳ್ರಿ. ತ್ರಾಸ ಆಗೂದು ನಿಮಗ.”

ಗ್ಯಾರೇಜಿನ ತುಂಬ ಪರಗಂಡಸರು. ಟ್ರ್ಯಾಕ್ಟರ್ ತಂದವರು, ಚಹಾ ಕುಡಿಯುವವರು. ಮಿಷನ್ನು ಒಮ್ಮೆ ಗುರ್ರೆಂದು ನಿಂತಿತು. ನನಗೆ ಬಾಯಿ ಬರಲಿಲ್ಲ, ಕಾಲು ಬಂತು. ಚಪ್ಪಲಿ ಬಿಟ್ಟು, ಸೆರಗು ಬಿಗಿದುಕೊಂಡು, ಹಿಂದಿನ ಬಾಗಿಲಿನಿಂದ ಗಾಡಿಯೊಳಗೆ ಹತ್ತಿದೆ. ನಾವು ಯಾವಾಗಲೂ ಕೂಡುವ ಜಾಗದಲ್ಲಿ, ಬರೀ ನೆಲದ ಮೇಲೆ, ಕಾಲು ಮಡಚಿ ಕುಳಿತೆ.

“ಯವ್ವಾ, ಇದೇನ್ ಮಾಡಾಕತ್ತೀ? ಇಳಿ, ಗಾಡಿ ಕೊಯ್ಯಾಕತ್ತಾರ!” ಮಗ ಗಾಬರಿಯಾಗಿ ಬಂದ.

“ಈಗ ಗುರ್ತು ಮಾಡಂತ ಹೇಳವರಿಗೆ” ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು, ತಗಡಿನ ಡಬ್ಬಿಯಲ್ಲವೇ.

ಮಗ ನನ್ನ ತಲೆ ನೋಡಿದ, ಹೊರಗಿನ ಚೌಕ ನೋಡಿದ, ಹಣೆ ಬಡಿದುಕೊಂಡ. ಮಿಸ್ತ್ರಿ ಬಂದು ಇಣುಕಿ ಜೋರಾಗಿ ನಕ್ಕ. “ಅವ್ವಾರ, ಒಂದು ಚಣ ತಡಾ ಆಗಿದ್ರ ನಿಮಗ ಆಕಾಶದಾಗಿನ ಚಿಕ್ಕಿ ಎಣಸಾಕ ಕಿಡಕಿ ಮಾಡಿಕೊಡ್ತಿದ್ನಿ! ಒಳಗಿಂದ ನಿಮ್ಮ ಕಣ್ಣಿನ ಮಟ್ಟಕ್ಕ ಬಡೀರಿ. ನಾ ಹೊರಗ ಗುರ್ತು ಹಾಕ್ತೀನಿ.”

ನಾನು ಗೆಣ್ಣಿನಿಂದ ಟಕಟಕ ಬಡಿದೆ. ಆಚೆಯಿಂದ ಸುಣ್ಣದ ಕಡ್ಡಿ ಕಿರ್ರೆಂದಿತು. ಸೊಸೆಯೂ ಹತ್ತಿ ಎದುರಿಗೆ ಕುಳಿತು ಅವಳ ಕಡೆಯ ತಗಡು ಬಡಿದಳು. ಅವಳು ನನಗಿಂತ ಎತ್ತರ.

“ಸಣ್ಣಾಕಿ ಮಟ್ಟಕ್ಕ ಮಾಡ್ಲ್ಯೋ, ದೊಡ್ಡಾಕಿ ಮಟ್ಟಕ್ಕ ಮಾಡ್ಲ್ಯೋ?” ಎಂದು ಮಿಸ್ತ್ರಿ ಕೂಗಿದ.

“ಅತ್ತಿ ಮಟ್ಟಕ್ಕ ಮಾಡ್ರಿ. ನಮ್ಮ ಮನ್ಯಾಗ ಸೊಸೆಂದ್ರು ಬಗ್ಗಿ ನೋಡ್ತೀವ್ರಿ” ಎಂದಳು ಇವಳು. ಚಹಾ ಕುಡಿಯುತ್ತಿದ್ದವರೂ ನಕ್ಕರು. ನಾನೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ.

ಒಂದು ತೊಡಕು ಉಳಿದಿತ್ತು. ತಗಡಿನ ಒಳಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ಹಾಯ್ದಿತ್ತು. ಅದನ್ನು ಕಡಿದರೆ ಗಾಡಿಯ ಮೈ ಸಡಿಲಾಗುತ್ತದೆ ಎಂದ ಮಿಸ್ತ್ರಿ. ಮೊದಲಿನ ಚೌಕ ಅದರ ಮೇಲಿತ್ತು. ಈಗ ಇಡೀ ಕಿಟಕಿ ಅದರ ಕೆಳಗೆ ಕೂಡಬೇಕು. ಅವನು ಚೌಕಟ್ಟು ಹಿಡಿದು ಅಳೆದ, ಮತ್ತೆ ಅಳೆದ. ನಾನು ಒಳಗೇ ಕುಳಿತಿದ್ದೆ. “ಕುಂಡ್ರತೈತ್ರಿ, ಎರಡು ಬೆರಳು ಜಾಗಾನೂ ಉಳೀತೈತಿ” ಎಂದಾಗ ನಾನು ಗಾಡಿಯಿಂದ ಇಳಿದೆ.

ನಾಲ್ಕು ಮೂಲೆಗೆ ತೂತು ಕೊರೆದರು. ಕಿಡಿಗಳು ಹಾರಿದವು. ತಗಡಿನ ತುಂಡು ಠಣ್ಣೆಂದು ಬಿದ್ದಾಗ, ಅಷ್ಟು ದಿನ ಕತ್ತಲಾಗಿದ್ದ ಆ ಹೊಟ್ಟೆಯೊಳಗೆ ಬಿಸಿಲು ಹೋಗಿ ನೆಲದ ಮೇಲೆ ಚಾಪೆಯಂತೆ ಬಿತ್ತು. ಕೊಯ್ದ ಅಂಚನ್ನು ಅರದಿಂದ ತಿಕ್ಕಿ, ತುಕ್ಕು ಹಿಡಿಯದಂತೆ ಕೆಂಪು ಬಣ್ಣ ಹಚ್ಚಿದರು. ಅದು ಒಣಗಿದ ಮೇಲೆ ರಬ್ಬರು ಕೂಡಿಸಿದ್ದು ನೋಡಬೇಕಿತ್ತು ನೀವು. ಚೌಕಟ್ಟಿನ ಸುತ್ತ ರಬ್ಬರು, ರಬ್ಬರಿನ ಸಂದಿಯಲ್ಲಿ ಒಂದು ಹುರಿ, ಮೇಲೆ ಸಾಬೂನಿನ ನೀರು. ಹೊರಗಿನಿಂದ ಒಬ್ಬ ಒತ್ತಿ ಹಿಡಿದ, ಒಳಗಿನಿಂದ ಮಿಸ್ತ್ರಿ ಹುರಿಯನ್ನು ಮೆಲ್ಲಗೆ ಎಳೆಯುತ್ತ ಹೋದ. ಹುರಿ ಬಂದಲ್ಲೆಲ್ಲ ರಬ್ಬರಿನ ತುಟಿ ತಗಡನ್ನು ಕಚ್ಚಿಕೊಂಡಿತು. ಕೌದಿಗೆ ಅಂಚು ಹೊಲಿದ ಹಾಗೆ.

ಕುಬಸದ ದಿನ ಬುತ್ತಿಗಳನ್ನು ನಡುವೆ ಇಟ್ಟು ಸುತ್ತಲೂ ಕುಳಿತೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕರಚಿಕಾಯಿ, ಬದನೆಕಾಯಿ ಪಲ್ಯದ ವಾಸನೆ. ನನಗೆ ಆ ವಾಸನೆಯ ಅಂಜಿಕೆಯೂ ಇತ್ತು. ಸೀರೆಯ ಗಂಟು ನನ್ನ ತೊಡೆಯ ಮೇಲೆ. ಗಾಡಿ ಹೊರಟಿತು.

ಅಬ್ಬಾ, ಆ ದಾರಿ! ಎಷ್ಟು ಸಲ ಹೋದ ದಾರಿ, ಕಂಡದ್ದು ಅದೇ ಮೊದಲು ಎನ್ನುವ ಹಾಗೆ ಕಂಡಿತು. ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆ ಕಬ್ಬು ಹೇರಿಕೊಂಡು ಹೊರಟ ಟ್ರ್ಯಾಕ್ಟರುಗಳು ನಮ್ಮ ಕಿಟಕಿಗೆ ಎಷ್ಟು ಹತ್ತಿರ ಬಂದವೆಂದರೆ, ಓಣಿಯ ಒಬ್ಬ ಮುದುಕಿ ಕೈ ಚಾಚಿ ಕಬ್ಬಿನ ಗಳ ಎಳೆಯಲು ನೋಡಿದಳು.

“ಕೈ ಒಳಗ ತಗೊ ಬೇ, ಕಬ್ಬ ಹೋಗಿ ಕೈಯ ಹೋದೀತು!” ಎಂದು ಎಲ್ಲರೂ ಅವಳನ್ನು ಬೈದರು.

ಬೀಳಗಿಯ ದಾರಿಯಲ್ಲಿ ರಸ್ತೆ ಕೆಟ್ಟಿತು. ಗಾಡಿ ಅತ್ತಿತ್ತ ಹೊಯ್ದಾಡಿತು. ನನ್ನ ಹಣೆ ತಣ್ಣಗಾಯಿತು. ಬಾಯಲ್ಲಿ ನೀರೂರಿತು. ಬಂತು, ಇನ್ನು ಮುಗಿಯಿತು ಎಂದುಕೊಂಡೆ. ಸೊಸೆ ನನ್ನ ಮುಖ ನೋಡಿದವಳೇ ಗಾಜು ಪೂರ್ತಿ ಸರಿಸಿದಳು. ಗಾಳಿ ರಪ್ಪೆಂದು ಬಡಿಯಿತು. ದೂರದಲ್ಲಿ ಒಂದು ಬೇವಿನ ಮರ ಇತ್ತು, ನಾನು ಅದನ್ನೇ ನೋಡಿದೆ. ಅದು ಹಿಂದೆ ಸರಿದ ಮೇಲೆ ಒಂದು ಗುಡಿಸಲು. ಆಮೇಲೆ ಜೋಳದ ಹೊಲದಲ್ಲಿ ಬಗ್ಗಿ ನಿಂತ ಹೆಂಗಸರು. ಅವರು ತಲೆಯೆತ್ತಿ ನಮ್ಮನ್ನು ನೋಡಿದರು, ನಾವು ಕೈ ಬೀಸಿದೆವು. ಯಾವಾಗ ಸಂಕಟ ಇಳಿಯಿತೋ ತಿಳಿಯಲಿಲ್ಲ.

“ಹೆಂಗೈತಿ ಯವ್ವಾ?” ಮಗ ಮುಂದಿನಿಂದ ಕೂಗಿದ.

“ನಿಂದರಬ್ಯಾಡ, ಗಾಡಿ ಹೊಡಿ!” ಎಂದೆ. ಭಾವನವರ ಎದುರಿಗೆ ನಾನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ಅವರು ಹೊರಳಿ ನೋಡಲಿಲ್ಲ. ಅವರ ಭುಜ ಮಾತ್ರ ನಗುವಿಗೆ ಕುಲುಕಿತು.

ಅನಗವಾಡಿಯ ಹತ್ತಿರ ಹೊಳೆಯ ನೀರು ಬಿಸಿಲಿಗೆ ಹೊಳೆಯಿತು. ಅಷ್ಟೊಂದು ನೀರು ಮಗಳ ಊರ ಬದಿಗಿದೆ ಎಂದು ಕೇಳಿದ್ದೆ, ಈ ಡಬ್ಬಿಯಲ್ಲಿ ಕುಳಿತು ಹೋಗಿ ಎಂದೂ ಕಂಡಿರಲಿಲ್ಲ. ಬೀಗರ ಓಣಿಗೆ ತಿರುಗಿದಾಗ ಮಗಳು ಕಟ್ಟೆಯಿಂದ ಇಳಿದು ಬರುತ್ತಿದ್ದಳು, ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡು. ಅವಳ ಕಣ್ಣು ಮುಂದಿನ ಸೀಟಿನ ಮೇಲಿತ್ತು, ಆಮೇಲೆ ಹಿಂದಿನ ಬಾಗಿಲಿನ ಮೇಲೆ. ನಾನು ಕಿಟಕಿಯಿಂದಲೇ ಕರೆದೆ.

ಅವಳು ತಿರುಗಿ ನೋಡಿದಳು. ನನ್ನ ಮುಖ ಅವಳ ಮುಖದ ಎದುರಿಗೇ ಇತ್ತು. ಬಾಗಿಲು ತೆಗೆಯುವಷ್ಟು ತಾಳ್ಮೆ ಅವಳಿಗೆಲ್ಲಿ? ಕೈ ಒಳಗೆ ಹಾಕಿ ನನ್ನ ಹಣೆ ಮುಟ್ಟಿ ನೋಡಿದಳು, ಕೆನ್ನೆ ಮುಟ್ಟಿ ನೋಡಿದಳು.

“ಯವ್ವಾ, ಆರಾಮ ಅದೀಯಲ್ಲ! ಮಲಗಾಕ ಹಾಸಿಗಿ ಹಾಸಿ ಇಟ್ಟಿದ್ನಿ ನಿನಗ.”

“ಹಾಸಿಗಿ ಸುತ್ತಿಡು. ಮೊದಲ ಸೀರಿ ಉಡೂವಂತಿ ನಡಿ” ಎಂದೆ. ಕಿಟಕಿಯಿಂದಲೇ ಸೀರೆಯ ಗಂಟನ್ನು ಅವಳ ಕೈಗೆ ಕೊಟ್ಟೆ.