ಒಂದೇ ಬೇಸಿಗೆಗೆ ಸೀಳಿದ ಕಪ್ಪು ಪೈಪ್

ಸ್ನೇಹಿತರೇ, ಇವತ್ತು ರಿಪ್ಪನ್‌ಪೇಟೆಯ ಪೈಪ್ ಅಂಗಡಿಯಲ್ಲಿ ಜಗಳ ಮಾಡಿ ಬಂದೆ. ಗುಡ್ಡದ ಒರತೆಯಿಂದ ನಮ್ಮನೆಗೆ ನೀರು ತರುವ ಕಪ್ಪು ಪೈಪ್ ಒಂದೇ ಬೇಸಿಗೆಗೆ ಸೀಳಿದೆ. ಕೊಡ ಹೊತ್ತು ಹೊತ್ತು ಅತ್ತೆಗೆ ಸೊಂಟ ಹಿಡಿದಿದೆ.

ಸೀಳಿದ ತುಂಡನ್ನು ಮುಂದಿಟ್ಟರೆ ಮಾಲೀಕರು, "ಬಿಸಿಲಲ್ಲಿ ಬಿಟ್ರೆ ಒಡೀದೆ ಎಂತ ಆಗ್ತದೆ ಮೇಡಂ?" ಅಂದರು.

"ಬಿಸಿಲು ತಡೀಲಿ ಅಂತಾನೇ ಪ್ಲಾಸ್ಟಿಕ್‌ಗೆ ಕಾರ್ಬನ್ ಬ್ಲ್ಯಾಕ್ ಅನ್ನೋ ಮಸಿ ಸೇರಿಸೋದು. ಅದು ನುಣ್ಣಗಿದ್ದು ಸಮನಾಗಿ ಬೆರೆತ್ರೆ ಬಿಸಿಲನ್ನ ತಾನೇ ಹೀರ್ಕೊಂಡು ಪೈಪ್ ಕಾಯ್ತದೆ. ಇಲ್ಲಿ ನೋಡಿ, ಒಂದು ಕಡೆ ಮಸಿ ಗಂಟು, ಇನ್ನೊಂದು ಕಡೆ ಮಸಿನೇ ಇಲ್ದೆ ಬಿಳಿ ಗೆರೆ!"

"ಮಸೀಲೂ ಒಳ್ಳೇದು ಕೆಟ್ಟದ್ದು ಇರ್ತದಾ? ಕಪ್ಪಗಿದ್ರೆ ಆಯ್ತಪ್ಪ," ಅಂತ ನಕ್ಕರು. ಸುತ್ತ ನಿಂತಿದ್ದ ಗಿರಾಕಿಗಳೂ ನಕ್ಕರು. ನಾನು ಹೈಸ್ಕೂಲಲ್ಲಿ ವಿಜ್ಞಾನ ಕಲಿಸುವವಳು. ಇಷ್ಟು ಧೈರ್ಯದ ದಡ್ಡತನವನ್ನು ತರಗತಿಯಲ್ಲೂ ಕಂಡಿಲ್ಲ.

ಬಾಗಿಲಾಚೆ ಇಳಿದು ಅಂಗಡಿಯ ಹೆಂಚಿನ ಮಾಡಿನತ್ತ ನೋಡಿದೆ. ಟ್ಯಾಂಕಿಗೆ ಹೋಗುವ ಹಳೇ ಪೈಪ್ ಬಿಸಿಲಲ್ಲೇ ಬಿದ್ದಿದ್ದರೂ ಕರ್ರಗೆ, ಗಟ್ಟಿಯಾಗಿತ್ತು.

"ಅದೂ ನೀವು ಮಾರೋದೇನಾ?"

"ಅಲ್ಲಲ್ಲ, ಅದು ಸ್ವಂತಕ್ಕೆ ಅಂತ ಶಿವಮೊಗ್ಗದಿಂದ ತರಿಸಿದ್ದು," ಅಂದವರು ನಾಲಿಗೆ ಕಚ್ಚಿಕೊಂಡರು. ಅಂಗಡಿಯ ನಗು ನಿಂತಿತು. ನಮಗೂ ಅದನ್ನೇ ತರಿಸಿಕೊಡಲು ಒಪ್ಪಿದ ಮೇಲೆ ಹೊರಟೆ.

ಒಳ್ಳೇ ಮಸಿ ಯಾವುದು ಅಂತ ಅವರಿಗೆ ಚೆನ್ನಾಗೇ ಗೊತ್ತು. ಕೆಟ್ಟದ್ದನ್ನು ಗಿರಾಕಿಗಳ ಮುಖಕ್ಕೆ ಬಳಿಯೋಕೆ ಇಟ್ಟುಕೊಂಡಿದ್ದಾರೆ, ಅಷ್ಟೆ.